ಹೊಗೆಯನ್ನು ತಿದ್ದುವ ಪೆಟ್ಟಿಗೆ

ಬಾಗಲಕೋಟೆ ಜಿಲ್ಲೆಯ ಬದುಕು ಕಲ್ಲಿನೊಂದಿಗೆ ಹೆಣೆದುಕೊಂಡಿದೆ. ಬಾದಾಮಿಯ ಕೆಂಪು ಮರಳುಗಲ್ಲಿನ ಬೆಟ್ಟವನ್ನು ಕೊರೆದು ಚಾಲುಕ್ಯರು ಗುಹಾಲಯಗಳನ್ನು ನಿರ್ಮಿಸಿದರು. ಬಾಗಲಕೋಟೆಯ ಸುತ್ತಮುತ್ತ ದೊರೆಯುವ ಸುಣ್ಣದ ಕಲ್ಲು ಸಿಮೆಂಟಿನ ಉದ್ಯಮಕ್ಕೆ ಆಧಾರವಾಯಿತು. ಇಳಕಲ್ಲಿನ ಹೆಸರನ್ನು ಅಲ್ಲಿನ ಸೀರೆ ಎಷ್ಟು ದೂರ ಒಯ್ದಿದೆಯೋ ಅಲ್ಲಿನ ಕೆಂಪು ಗ್ರಾನೈಟ್ ಕಲ್ಲೂ ಅಷ್ಟೇ ದೂರ ಒಯ್ದಿದೆ. ಸೀರೆಯ ಗಂಟನ್ನು ಹೆಗಲ ಮೇಲೆ ಹೊತ್ತು ಊರೂರು ತಿರುಗಿ ಮಾರಬಹುದು. ಕಲ್ಲನ್ನು ಹಾಗೆ ಒಯ್ಯಲು ಬಾರದು. ಮೂರು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಅಷ್ಟೇ ಎತ್ತರವಿರುವ ಒಂದು ದಿಮ್ಮಿಯ ಘನಗಾತ್ರ ೬.೭೫ ಘನಮೀಟರ್. ಗ್ರಾನೈಟಿನ ಒಂದು ಘನಮೀಟರ್ ಸುಮಾರು ೨.೭ ಟನ್ ತೂಗುತ್ತದೆ. ಅಂದರೆ ಆ ಒಂದೇ ದಿಮ್ಮಿಯ ತೂಕ ೧೮ ಟನ್ನಿಗೂ ಹೆಚ್ಚು. ಇಂಥ ಭಾರವನ್ನು ಗಣಿಯಿಂದ ಕೊಯ್ಯುವ ಕಾರ್ಖಾನೆಗೆ, ಅಲ್ಲಿಂದ ದೂರದ ಪಟ್ಟಣಗಳಿಗೂ ಬಂದರುಗಳಿಗೂ ಸಾಗಿಸುವುದು ಡೀಸೆಲ್ ಲಾರಿ. ವಿಜಯಪುರದ ಕಡೆಯಿಂದ ಬಂದು ಹುನಗುಂದ, ಇಳಕಲ್ಲುಗಳನ್ನು ಹಾಯ್ದು ಹೊಸಪೇಟೆ, ಚಿತ್ರದುರ್ಗಗಳತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ ೫೦ರಲ್ಲಿ ಅವುಗಳ ಸದ್ದು ಹಗಲಿರುಳು ಕೇಳುತ್ತದೆ.

ಇತ್ತೀಚಿನ ಲಾರಿಗಳ ಮಗ್ಗುಲಲ್ಲಿ, ಚಾಲಕನ ಕೋಣೆಯ ಹಿಂದೆ, ಅಷ್ಟಾಗಿ ಯಾರ ಗಮನವನ್ನೂ ಸೆಳೆಯದ ಒಂದು ದೊಡ್ಡ ಲೋಹದ ಪೆಟ್ಟಿಗೆ ಇರುತ್ತದೆ. ನೋಡಿದವರು ಅದನ್ನು ಸೈಲೆನ್ಸರ್ ಎಂದುಕೊಳ್ಳುತ್ತಾರೆ. ಸದ್ದನ್ನು ಅಡಗಿಸುವ ಕೆಲಸವನ್ನೂ ಅದು ಮಾಡುವುದರಿಂದ ಆ ಮಾತು ಪೂರ್ತಿ ತಪ್ಪಲ್ಲ. ಆದರೆ ಅದರ ಮುಖ್ಯ ಕೆಲಸ ಬೇರೆ. ಇಂಜಿನಿನಿಂದ ಹೊರಬರುವ ವಿಷಾನಿಲಗಳನ್ನು ಅದು ನಿರಪಾಯಕಾರಿಯಾದ ಅನಿಲಗಳನ್ನಾಗಿ ಮಾರ್ಪಡಿಸುತ್ತದೆ. ಅದಕ್ಕೆ ಕ್ರಿಯಾವರ್ಧಕ ಪರಿವರ್ತಕ ಎಂದು ಹೆಸರು. ಗ್ಯಾರೇಜುಗಳಲ್ಲಿ ಕೆಟಲಿಟಿಕ್ ಕನ್ವರ್ಟರ್ ಎನ್ನುತ್ತಾರೆ. ಲಾರಿಯ ಮಾಲೀಕರಲ್ಲಿ ಹಲವರಿಗೆ ಈ ಪೆಟ್ಟಿಗೆಯ ಮೇಲೆ ಅಸಮಾಧಾನವುಂಟು. ಇದು ಇಂಜಿನಿನ ಶಕ್ತಿಯನ್ನು ನುಂಗುತ್ತದೆ, ಡೀಸೆಲ್ಲನ್ನು ತಿನ್ನುತ್ತದೆ, ನಡುದಾರಿಯಲ್ಲಿ ಕೈಕೊಡುತ್ತದೆ ಎಂಬುದು ಅವರ ದೂರು. ಈ ದೂರಿನಲ್ಲಿ ಎಷ್ಟು ಸತ್ಯವಿದೆ, ಪೆಟ್ಟಿಗೆಯ ಕೆಲಸವನ್ನು ಇನ್ನೂ ಉತ್ತಮಪಡಿಸಿದರೆ ಲಾರಿಗೆ ಏನು ಲಾಭ ಎಂಬುದನ್ನು ತಿಳಿಯಬೇಕಾದರೆ ಹೊಗೆಯ ಸ್ವರೂಪವನ್ನು ಮೊದಲು ಅರಿಯಬೇಕು.

ಡೀಸೆಲ್ ಎಂಬುದು ಕಾರ್ಬನ್ ಮತ್ತು ಹೈಡ್ರೋಜನ್ನುಗಳ ಸಂಯುಕ್ತಗಳ ಮಿಶ್ರಣ. ಅದು ಪೂರ್ಣವಾಗಿ ಉರಿದರೆ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಿನ ಆವಿ ಮಾತ್ರ ಉಳಿಯಬೇಕು. ಆದರೆ ಸಿಲಿಂಡರಿನೊಳಗೆ ಎಣ್ಣೆ ಉರಿಯಲು ದೊರೆಯುವ ಕಾಲ ಕ್ಷಣದ ಒಂದು ಚೂರು. ಅಷ್ಟರಲ್ಲಿ ಎಣ್ಣೆಯ ಪ್ರತಿಯೊಂದು ಕಣಕ್ಕೂ ಸಾಕಷ್ಟು ಗಾಳಿ ಸಿಕ್ಕುವುದಿಲ್ಲ. ಅರೆಬೆಂದ ಎಣ್ಣೆ ಮಸಿಯಾಗಿಯೂ ಕಾರ್ಬನ್ ಮೊನಾಕ್ಸೈಡಾಗಿಯೂ ಹೊರಬೀಳುತ್ತದೆ. ಇನ್ನೊಂದು ಕಡೆ, ಉರಿ ಬಹಳ ತೀವ್ರವಾದಾಗ ಗಾಳಿಯಲ್ಲಿ ತಣ್ಣಗಿದ್ದ ನೈಟ್ರೋಜನ್ ಆಕ್ಸಿಜನ್ನಿನೊಡನೆ ಕೂಡಿ ನೈಟ್ರೋಜನ್ನಿನ ಆಕ್ಸೈಡುಗಳಾಗುತ್ತವೆ. ಇಲ್ಲಿಯೇ ಇಂಜಿನಿಯರರ ಹಳೆಯ ಇಕ್ಕಟ್ಟು ಇರುವುದು. ಉರಿಯನ್ನು ತೀಕ್ಷ್ಣಗೊಳಿಸಿದರೆ ಮಸಿ ಇಳಿಯುತ್ತದೆ, ಡೀಸೆಲ್ ಉಳಿಯುತ್ತದೆ, ಎಳೆತ ಹೆಚ್ಚುತ್ತದೆ; ಆದರೆ ನೈಟ್ರೋಜನ್ನಿನ ಆಕ್ಸೈಡುಗಳು ಏರುತ್ತವೆ. ಉರಿಯನ್ನು ತಣಿಸಿದರೆ ಆಕ್ಸೈಡುಗಳು ಇಳಿಯುತ್ತವೆ; ಮಸಿ ಏರುತ್ತದೆ, ಎಣ್ಣೆ ಪೋಲಾಗುತ್ತದೆ. ಒಂದು ತಟ್ಟೆ ಇಳಿದರೆ ಮತ್ತೊಂದು ಏರುವ ತಕ್ಕಡಿಯಂತೆ ಇದು.

ಡೀಸೆಲ್ ಮಸಿಯ ಕಣಗಳು ಬಹಳ ಸೂಕ್ಷ್ಮವಾದವು. ತಲೆಗೂದಲಿನ ದಪ್ಪದ ನೂರರಲ್ಲಿ ಒಂದು ಪಾಲಿಗಿಂತಲೂ ಅವು ಕಿರಿದು. ಮೂಗಿನ ರೋಮಗಳಾಗಲಿ ಗಂಟಲಿನ ತೇವವಾಗಲಿ ಅವುಗಳನ್ನು ತಡೆಯಲಾರವು. ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೂ ಅವು ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೧೨ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು. ನೈಟ್ರೋಜನ್ನಿನ ಆಕ್ಸೈಡುಗಳು ಉಬ್ಬಸ ರೋಗಿಗಳನ್ನು ಕಾಡುವುದಲ್ಲದೆ ಬಿಸಿಲಿನಲ್ಲಿ ಇತರ ಆವಿಗಳೊಡನೆ ಸೇರಿ ಓಜೋನನ್ನು ಹುಟ್ಟಿಸುತ್ತವೆ. ಆಕಾಶದ ಎತ್ತರದಲ್ಲಿ ಮಿತ್ರನಾದ ಓಜೋನ್ ನೆಲದ ಮಟ್ಟದಲ್ಲಿ ಶತ್ರು. ಅದು ಮನುಷ್ಯರ ಉಸಿರಿಗೂ ಹೊಲದ ಬೆಳೆಯ ಎಲೆಗೂ ಹಾನಿಮಾಡುತ್ತದೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ೫೭೮ನೆಯ ಇಸವಿಯ ಶಾಸನವಿದೆ. ಅಷ್ಟು ಹಳೆಯ ಮರಳುಗಲ್ಲಿನ ಮೇಲೆ ಮಸಿ ಕುಳಿತರೆ ಅದನ್ನು ತೊಳೆಯುವ ಪ್ರಯತ್ನವೇ ಕಲ್ಲಿನ ಮೈಯನ್ನು ಸವೆಸೀತು. ಆದರೆ ಮೊದಲ ಪೆಟ್ಟು ಬೀಳುವುದು ಕಲ್ಲಿಗಲ್ಲ. ಹೆದ್ದಾರಿಯ ಬದಿಯಲ್ಲಿ ಚಹದ ಅಂಗಡಿ ಇಟ್ಟವರು, ಬಸ್ಸಿಗಾಗಿ ಕಾಯುವ ಮಕ್ಕಳು, ಲಾರಿಯ ಪಕ್ಕದಲ್ಲಿಯೇ ಉಂಡು ಮಲಗುವ ಚಾಲಕ ಮತ್ತು ಕ್ಲೀನರುಗಳು, ಇವರೇ ಮೊದಲು ಆ ಹೊಗೆಯನ್ನು ಕುಡಿಯುವವರು.

ಹೊಗೆಯನ್ನು ತಿದ್ದಲು ನೆರವಾದ ತತ್ತ್ವ ಲಾರಿಗಿಂತ ಎಷ್ಟೋ ಹಳೆಯದು. ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ೧೮೧೭ರಲ್ಲಿ ಒಂದು ವಿಚಿತ್ರವನ್ನು ಕಂಡನು. ಕಲ್ಲಿದ್ದಲಿನ ಅನಿಲ ಮತ್ತು ಗಾಳಿ ಬೆರೆತ ಕಡೆ ಬಿಸಿ ಪ್ಲಾಟಿನಂ ತಂತಿಯನ್ನು ಹಿಡಿದಾಗ ಜ್ವಾಲೆಯೇ ಇಲ್ಲದೆ ತಂತಿ ಕೆಂಪಗೆ ಹೊಳೆಯುತ್ತಲೇ ಉಳಿಯಿತು. ಅನಿಲ ತಂತಿಯ ಮೈಮೇಲೆ ಸದ್ದಿಲ್ಲದೆ ಉರಿಯುತ್ತಿತ್ತು. ತಂತಿ ಮಾತ್ರ ಖರ್ಚಾಗಲಿಲ್ಲ. ತಾನು ವ್ಯಯವಾಗದೆ ಇತರ ವಸ್ತುಗಳ ರಾಸಾಯನಿಕ ಕ್ರಿಯೆಯನ್ನು ತ್ವರೆಗೊಳಿಸುವ ಈ ಗುಣಕ್ಕೆ ಸ್ವೀಡನ್ನಿನ ಬರ್ಜೀಲಿಯಸ್ ೧೮೩೫ರಲ್ಲಿ ಹೆಸರಿಟ್ಟನು. ಅಂಥ ವಸ್ತುವೇ ಕ್ರಿಯಾವರ್ಧಕ.

ಬಾದಾಮಿಯ ಬೆಟ್ಟವನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಬೆಟ್ಟದ ಈಚೆಗಿರುವವನು ಆಚೆಗೆ ಹೋಗಬೇಕಾದರೆ ನೆತ್ತಿಯನ್ನೇ ಹತ್ತಿ ಇಳಿಯಬಹುದು. ಅದಕ್ಕೆ ಬಹಳ ಕಸುವು ಬೇಕು. ನಡುವೆ ಒಂದು ಕಣಿವೆಯ ದಾರಿ ಇದ್ದರೆ ದಣಿಯದೆ ದಾಟಬಹುದು. ಎರಡು ದಾರಿಗಳೂ ಮುಟ್ಟಿಸುವ ಊರು ಒಂದೇ. ಹತ್ತಬೇಕಾದ ಎತ್ತರ ಮಾತ್ರ ಬೇರೆ. ಕಾರ್ಬನ್ ಮೊನಾಕ್ಸೈಡು ಬರಿಯ ಗಾಳಿಯಲ್ಲಿ ಉರಿಯಬೇಕಾದರೆ ಬಹಳ ಬಿಸಿ ಬೇಕು. ಪ್ಲಾಟಿನಮ್ಮಿನ ಮೈಮೇಲೆ ಅದೇ ಕೆಲಸ ಸುಮಾರು ೨೦೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೇ ನಡೆದುಹೋಗುತ್ತದೆ. ಕ್ರಿಯಾವರ್ಧಕವು ಬೆಟ್ಟವನ್ನು ಕರಗಿಸುವುದಿಲ್ಲ, ಕಣಿವೆಯನ್ನು ತೋರಿಸುತ್ತದೆ.

ಈ ತತ್ತ್ವವನ್ನು ವಾಹನಕ್ಕೆ ಅಳವಡಿಸಿದವನು ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಇಂಜಿನಿಯರ್ ಯೂಜೀನ್ ಹೂಡ್ರಿ. ೧೯೫೦ರ ದಶಕದಲ್ಲಿ ಆತ ಪರಿವರ್ತಕವನ್ನು ರೂಪಿಸಿದರೂ ಅದು ಕೂಡಲೇ ಬಳಕೆಗೆ ಬರಲಿಲ್ಲ. ಆ ಕಾಲದ ಪೆಟ್ರೋಲಿನಲ್ಲಿ ಸೀಸದ ಸಂಯುಕ್ತವನ್ನು ಬೆರಸುತ್ತಿದ್ದರು. ಸೀಸವು ಪ್ಲಾಟಿನಮ್ಮಿನ ಮೈಯನ್ನು ಮುಚ್ಚಿ ಅದನ್ನು ನಿಷ್ಕ್ರಿಯಗೊಳಿಸುತ್ತಿತ್ತು. ಸೀಸವಿಲ್ಲದ ಪೆಟ್ರೋಲ್ ಬಂದ ಮೇಲೆ, ೧೯೭೫ರಿಂದ ಈಚೆಗೆ, ಅಮೆರಿಕದ ಕಾರುಗಳಲ್ಲಿ ಪರಿವರ್ತಕವು ವ್ಯಾಪಕವಾಗಿ ನೆಲೆಯೂರಿತು. ಭಾರತದಲ್ಲಿ ೧೯೯೫ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಅದನ್ನು ಕಡ್ಡಾಯ ಮಾಡಲಾಯಿತು. ೨೦೦೦ನೆಯ ಇಸವಿಯಲ್ಲಿ ಸೀಸದ ಪೆಟ್ರೋಲ್ ದೇಶದಿಂದಲೇ ಮರೆಯಾಯಿತು. ಪರಿವರ್ತಕವು ಚೆನ್ನಾಗಿ ಕೆಲಸ ಮಾಡಬೇಕಾದರೆ ಅದನ್ನು ಸೇರುವ ಹೊಗೆಯಲ್ಲಿ ಅದಕ್ಕೆ ವಿಷವಾಗುವ ವಸ್ತು ಇರಕೂಡದು ಎಂಬ ಈ ಹಳೆಯ ಪಾಠ ಇಂದಿನ ಲಾರಿಗೂ ಅನ್ವಯಿಸುತ್ತದೆ.

ಕಾರಿನ ಪರಿವರ್ತಕವನ್ನು ಲಾರಿಗೆ ಹಾಗೆಯೇ ಜೋಡಿಸಲು ಬಾರದು. ಡೀಸೆಲ್ ಇಂಜಿನಿನ ಹೊಗೆಯಲ್ಲಿ ಉರಿಯದೆ ಉಳಿದ ಆಕ್ಸಿಜನ್ ಹೇರಳವಾಗಿರುತ್ತದೆ. ಅಂಥ ಕಡೆ ನೈಟ್ರೋಜನ್ನಿನ ಆಕ್ಸೈಡುಗಳಿಂದ ಆಕ್ಸಿಜನ್ನನ್ನು ಕಿತ್ತುಕೊಳ್ಳುವುದು ಕಷ್ಟ. ಆದುದರಿಂದ ಲಾರಿಯ ಪೆಟ್ಟಿಗೆಯನ್ನು ಹಲವು ಕೋಣೆಗಳಾಗಿ ಕಟ್ಟಿರುತ್ತಾರೆ.

ಮೊದಲ ಕೋಣೆಯಲ್ಲಿ ಪಿಂಗಾಣಿಯಂಥ ವಸ್ತುವಿನ ಒಂದು ಜೇನುಗೂಡು ಇರುತ್ತದೆ. ಹೊಗೆ ಅದರ ಉದ್ದನೆಯ ಕಿಂಡಿಗಳಲ್ಲಿ ಹಾದುಹೋಗುತ್ತದೆ. ಕಿಂಡಿಗಳ ಗೋಡೆಗೆ ಅಲ್ಯುಮಿನಾ ಎಂಬ ಪುಡಿಯ ತೆಳುವಾದ ಲೇಪವಿದ್ದು ಆ ಲೇಪದ ಮೇಲೆ ಪ್ಲಾಟಿನಂ, ಪಲ್ಲೇಡಿಯಂ ಕಣಗಳನ್ನು ಚೆಲ್ಲಿರುತ್ತಾರೆ. ಅಲ್ಯುಮಿನಾ ಪುಡಿ ನೋಡಲು ರಂಗೋಲಿ ಪುಡಿಯಂತಿದ್ದರೂ ಒಳಗೆಲ್ಲ ಸೂಕ್ಷ್ಮವಾದ ರಂಧ್ರಗಳು. ಒಂದು ಗ್ರಾಂ ಪುಡಿಯ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು ೧೦೦ ಚದರ ಮೀಟರ್ ಆದೀತು. ಅಂದರೆ ಎರಡು ತರಗತಿ ಕೋಣೆಗಳ ನೆಲದಷ್ಟು. ಬೆಲೆಬಾಳುವ ಲೋಹದ ಕೆಲವೇ ಗ್ರಾಂಗಳು ಅಷ್ಟು ಹೊಗೆಯನ್ನು ನಿಭಾಯಿಸುವ ಗುಟ್ಟು ಇದು. ಈ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡೂ ಅರೆಬೆಂದ ಎಣ್ಣೆಯ ಆವಿಯೂ ಉರಿದುಹೋಗುತ್ತವೆ.

ಎರಡನೆಯದು ಸೋಸುವ ಕೋಣೆ. ಇಲ್ಲಿಯೂ ಜೇನುಗೂಡೇ, ಆದರೆ ಒಂದು ಕಿಂಡಿಯ ಹಿಂಬಾಯಿಯನ್ನೂ ಅದರ ಪಕ್ಕದ ಕಿಂಡಿಯ ಮುಂಬಾಯಿಯನ್ನೂ ಮುಚ್ಚಿರುತ್ತಾರೆ. ಒಳಗೆ ಹೊಕ್ಕ ಹೊಗೆಗೆ ನೇರವಾದ ದಾರಿ ಸಿಕ್ಕದೆ ಗೋಡೆಯ ಸೂಕ್ಷ್ಮರಂಧ್ರಗಳ ಮೂಲಕವೇ ಪಕ್ಕದ ಕಿಂಡಿಗೆ ನುಸುಳಬೇಕಾಗುತ್ತದೆ. ಅನಿಲ ದಾಟುತ್ತದೆ, ಮಸಿ ಈಚೆಗೇ ಉಳಿಯುತ್ತದೆ. ಉಳಿದ ಮಸಿಯನ್ನು ಆಗಾಗ ಅಲ್ಲಿಯೇ ಸುಡಬೇಕು. ಇಲ್ಲವಾದರೆ ಸೋಸುಕ ಕಟ್ಟಿಕೊಳ್ಳುತ್ತದೆ.

ಮೂರನೆಯ ಕೋಣೆಯಲ್ಲಿ ನೈಟ್ರೋಜನ್ನಿನ ಆಕ್ಸೈಡುಗಳ ಸರದಿ. ಇಲ್ಲಿಗೆ ಮುನ್ನ ಹೊಗೆಯೊಳಕ್ಕೆ ಯೂರಿಯಾದ ದ್ರಾವಣವನ್ನು ತುಂತುರಾಗಿ ಚಿಮುಕಿಸುತ್ತಾರೆ. ಪೆಟ್ರೋಲ್ ಬಂಕುಗಳಲ್ಲಿ ಡಿ.ಇ.ಎಫ್. ಎಂಬ ಹೆಸರಿನಲ್ಲಿ ಮಾರುವ ದ್ರಾವಣ ಇದೇ. ಅದರ ನೂರು ಭಾಗದಲ್ಲಿ ೩೨.೫ ಭಾಗ ಯೂರಿಯಾ, ಉಳಿದದ್ದು ಶುದ್ಧವಾದ ನೀರು. ಬಿಸಿ ಹೊಗೆಯಲ್ಲಿ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಅಮೋನಿಯಾ ಕ್ರಿಯಾವರ್ಧಕದ ಮೈಮೇಲೆ ನೈಟ್ರೋಜನ್ನಿನ ಆಕ್ಸೈಡುಗಳೊಡನೆ ಕೂಡಿ ನೈಟ್ರೋಜನ್ ಮತ್ತು ನೀರಾಗಿ ಮಾರ್ಪಡುತ್ತದೆ. ಗಾಳಿಯಿಂದ ಬಂದ ನೈಟ್ರೋಜನ್ ಮತ್ತೆ ಗಾಳಿಗೇ ಸೇರುತ್ತದೆ. ಹೊಲದಲ್ಲಿ ಬೆಳೆಗೆ ಉಣಿಸುವ ಯೂರಿಯಾ ಲಾರಿಯ ಹೊಗೆಗೂ ಮದ್ದಾದುದು ಒಂದು ಸೋಜಿಗ.

ಇಷ್ಟೆಲ್ಲ ಏರ್ಪಾಡು ಕಾನೂನಿನ ಒತ್ತಾಯದಿಂದ ಬಂದದ್ದು. ೨೦೧೭ರ ಏಪ್ರಿಲ್ ೧ರಿಂದ ದೇಶಾದ್ಯಂತ ಭಾರತ್ ಸ್ಟೇಜ್ ೪ ಎಂಬ ನಿಯಮಗಳೂ ೨೦೨೦ರ ಏಪ್ರಿಲ್ ೧ರಿಂದ ಭಾರತ್ ಸ್ಟೇಜ್ ೬ ಎಂಬ ನಿಯಮಗಳೂ ಜಾರಿಗೆ ಬಂದವು. ಭಾರೀ ಲಾರಿಯ ಇಂಜಿನು ಒಂದು ಕಿಲೋವ್ಯಾಟ್-ಗಂಟೆಯ ಕೆಲಸಕ್ಕೆ ಹಿಂದೆ ೩.೫ ಗ್ರಾಂ ನೈಟ್ರೋಜನ್ ಆಕ್ಸೈಡುಗಳನ್ನು ಬಿಡಬಹುದಾಗಿತ್ತು. ಹೊಸ ನಿಯಮ ಅದನ್ನು ೦.೪ ಗ್ರಾಮಿಗೆ ಇಳಿಸಿತು. ಡೀಸೆಲ್ಲಿನಲ್ಲಿರುವ ಗಂಧಕವನ್ನೂ ಹತ್ತು ಲಕ್ಷ ಭಾಗಕ್ಕೆ ೫೦ರಿಂದ ೧೦ ಭಾಗಕ್ಕೆ ತಗ್ಗಿಸಲಾಯಿತು.

ಈಗ ಮಾಲೀಕರ ದೂರನ್ನು ಪರಿಶೀಲಿಸಬಹುದು. ಹೊಗೆಯ ದಾರಿಯಲ್ಲಿ ಯಾವ ಅಡ್ಡಿ ಇದ್ದರೂ ಇಂಜಿನು ಅದನ್ನು ನೂಕಬೇಕು. ನೂಕಲು ಶಕ್ತಿ ಬೇಕು. ಒದ್ದೆ ಬಟ್ಟೆಯನ್ನು ಬಾಯಿಗೆ ಕಟ್ಟಿಕೊಂಡು ಓಡುವವನ ಪಾಡು ಅದು. ಹೊಗೆ ಹಿಂದಕ್ಕೆ ಒತ್ತುವ ಈ ಬಲವನ್ನು ಹಿಂಬದಿಯ ಒತ್ತಡ ಎನ್ನುತ್ತಾರೆ. ಸೋಸುಕವು ಶುಚಿಯಾಗಿದ್ದಾಗ ಅದರಿಂದಾಗುವ ನಷ್ಟ ಅಲ್ಪ. ಮಸಿ ಕಟ್ಟಿದಾಗ ಮಾತ್ರ ಅದು ಬೆಳೆಯುತ್ತ ಹೋಗಿ ಏರಿನಲ್ಲಿ ಲಾರಿ ಏದುಸಿರು ಬಿಡುತ್ತದೆ. ಆದುದರಿಂದ ದೂರಿನಲ್ಲಿ ಸತ್ಯವಿದೆ. ಆದರೆ ದೂರುವುದು ರೋಗವನ್ನಲ್ಲ, ರೋಗದ ಲಕ್ಷಣವನ್ನು.

ಒಂದೇ ಮಾದರಿಯ, ಒಂದೇ ವರ್ಷದ ಎರಡು ಲಾರಿಗಳನ್ನು ಊಹಿಸಿಕೊಂಡರೆ ರೋಗದ ಮೂಲ ತಿಳಿಯುತ್ತದೆ. ಒಂದು ಲಾರಿ ಇಳಕಲ್ಲಿನಲ್ಲಿ ಕಲ್ಲು ಹೇರಿಕೊಂಡು ಹೆದ್ದಾರಿಯಲ್ಲಿ ನೂರಾರು ಕಿಲೋಮೀಟರ್ ಸಾಗುತ್ತದೆ. ಭಾರವನ್ನು ಎಳೆಯುವ ಅದರ ಇಂಜಿನು ಗಂಟೆಗಟ್ಟಲೆ ಬಿಸಿಯಾಗಿರುತ್ತದೆ. ಹೊಗೆಯ ಶಾಖ ೨೫೦ರಿಂದ ೪೦೦ ಡಿಗ್ರಿಗಳ ನಡುವೆ ನಿಂತರೆ ಮೊದಲ ಕೋಣೆಯಲ್ಲಿ ತಯಾರಾಗುವ ನೈಟ್ರೋಜನ್ ಡೈಆಕ್ಸೈಡೇ ಸೋಸುಕದ ಮಸಿಯನ್ನು ಮೆಲ್ಲಮೆಲ್ಲನೆ ಸುಟ್ಟುಹಾಕುತ್ತದೆ. ಚಾಲಕನಿಗೆ ಅದು ಗೊತ್ತೇ ಆಗುವುದಿಲ್ಲ. ಇನ್ನೊಂದು ಲಾರಿ ಗಣಿಯಿಂದ ಊರ ಅಂಚಿನ ಕಾರ್ಖಾನೆಗೆ ನಾಲ್ಕಾರು ಕಿಲೋಮೀಟರ್ ಓಡುತ್ತದೆ, ಕಲ್ಲು ಇಳಿಸಲು ಕ್ರೇನಿಗಾಗಿ ಇಂಜಿನು ನಿಲ್ಲಿಸದೆ ಕಾಯುತ್ತದೆ, ಬರಿದಾಗಿ ಹಿಂದಿರುಗುತ್ತದೆ. ಅದರ ಪೆಟ್ಟಿಗೆ ದಿನವೆಲ್ಲ ಬೆಚ್ಚಗಾಗುತ್ತದೆಯೇ ಹೊರತು ಬಿಸಿಯಾಗುವುದಿಲ್ಲ. ಇದರ ಮೇಲೆ ಗಣಿಯ ದೂಳು ಇಂಜಿನಿಗೆ ಗಾಳಿ ಒದಗಿಸುವ ಸೋಸುಕವನ್ನು ಮುಚ್ಚಿದರೆ ಗಾಳಿ ಸಾಲದೆ ಮಸಿ ಇಮ್ಮಡಿಸುತ್ತದೆ. ಹೆಚ್ಚು ಮಸಿ, ಕಡಿಮೆ ಶಾಖ: ಎರಡನೆಯ ಲಾರಿಯ ಪೆಟ್ಟಿಗೆ ಬೇಗ ಕಟ್ಟಿಕೊಳ್ಳುವುದರಲ್ಲಿ ಆಶ್ಚರ್ಯವೇನು? ಪೆಟ್ಟಿಗೆ ಕೆಟ್ಟಿತೆಂದು ಹಳಿಯುವ ಮುನ್ನ ಗಾಳಿಯ ಸೋಸುಕವನ್ನು ಬಿಚ್ಚಿ ನೋಡುವುದು ಒಳ್ಳೆಯದು.

ಮಸಿ ಮಿತಿಮೀರಿದಾಗ ಇಂಜಿನಿನ ಗಣಕವು ಒಂದಿಷ್ಟು ಡೀಸೆಲ್ಲನ್ನು ಹೊಗೆಗೆ ಬೆರಸಿ ಮೊದಲ ಕೋಣೆಯಲ್ಲಿ ಉರಿಯಗೊಡುತ್ತದೆ. ಆಗ ಶಾಖ ೫೫೦ರಿಂದ ೬೦೦ ಡಿಗ್ರಿಗೆ ಏರಿ ಮಸಿ ಬೇಗನೆ ಸುಟ್ಟುಹೋಗುತ್ತದೆ. ಕೆಲವೊಮ್ಮೆ ಚಾಲಕನೇ ಲಾರಿಯನ್ನು ನಿಲ್ಲಿಸಿ ಗುಂಡಿಯನ್ನೊತ್ತಿ ಇದನ್ನು ಮಾಡಿಸಬೇಕಾಗುತ್ತದೆ. ಇಂಥ ಸಮಯದಲ್ಲಿ ನಿಲ್ಲುವ ಜಾಗವನ್ನು ನೋಡಿಕೊಳ್ಳಬೇಕು. ಸುಗ್ಗಿಯ ಕಾಲದಲ್ಲಿ ಹುನಗುಂದದ ಕರಿಮಣ್ಣಿನ ಸೀಮೆಯಲ್ಲಿ ರಸ್ತೆಯ ಮೇಲೆಯೇ ರಾಶಿ ಹರಡಿ ವಾಹನಗಳ ಗಾಲಿಯಿಂದ ತುಳಿಸುವ ರೂಢಿಯುಂಟು. ರಸ್ತೆಯ ಬದಿಯಲ್ಲಿ ಜೋಳದ ಕಣಿಕೆಯ ಬಣವೆಗಳಿರುತ್ತವೆ. ಒಣಗಿದ ಕಣಿಕೆಯ ಪಕ್ಕದಲ್ಲಿ ಅಷ್ಟು ಬಿಸಿಯ ಹೊಗೆಕೊಳವೆಯನ್ನು ನಿಲ್ಲಿಸುವುದು ಕೆಂಡವನ್ನು ಇಟ್ಟಂತೆಯೇ ಸರಿ. ಮಸಿ ಸುಡುವ ಕೆಲಸವನ್ನು ಅರ್ಧಕ್ಕೆ ನಿಲ್ಲಿಸುವುದೂ ಒಳ್ಳೆಯದಲ್ಲ. ಪದೇ ಪದೇ ಹಾಗೆ ಮಾಡಿದರೆ ಸೋಸುಕ ಪೂರ್ತಿಯಾಗಿ ಕಟ್ಟಿಕೊಂಡು ಗ್ಯಾರೇಜಿಗೇ ಒಯ್ಯಬೇಕಾಗುತ್ತದೆ.

ಹಾಗಾದರೆ ಈ ಪೆಟ್ಟಿಗೆಯನ್ನು ಉತ್ತಮಪಡಿಸುವ ಬಗೆ ಹೇಗೆ? ತಯಾರಕರು ಹಲವು ದಾರಿಗಳನ್ನು ಹಿಡಿದಿದ್ದಾರೆ. ಮೊದಮೊದಲಿನ ಜೇನುಗೂಡುಗಳಲ್ಲಿ ಒಂದು ಚದರ ಅಂಗುಲಕ್ಕೆ ಇನ್ನೂರು ಮುನ್ನೂರು ಕಿಂಡಿಗಳಿದ್ದವು. ಗೋಡೆಯ ದಪ್ಪ ಸುಮಾರು ೦.೩ ಮಿಲಿಮೀಟರ್. ಬರಬರುತ್ತ ಕಿಂಡಿಗಳು ೪೦೦ಕ್ಕೂ ೬೦೦ಕ್ಕೂ ಏರಿದವು, ಗೋಡೆ ೦.೧ ಮಿಲಿಮೀಟರಿನವರೆಗೂ ತೆಳುವಾಯಿತು. ಗೋಡೆ ತೆಳುವಾದಷ್ಟೂ ಹೊಗೆಗೆ ದಾರಿ ಅಗಲ, ಕಿಂಡಿ ಹೆಚ್ಚಿದಷ್ಟೂ ತಾಗುವ ಮೈ ವಿಶಾಲ. ಅಲ್ಲದೆ ತೆಳುವಾದ ಗೋಡೆ ಬೇಗ ಕಾಯುತ್ತದೆ. ಪೆಟ್ಟಿಗೆಯನ್ನು ಇಂಜಿನಿಗೆ ಸಮೀಪವಾಗಿ ಇರಿಸುವುದು, ಹೊಗೆಕೊಳವೆಗೆ ಶಾಖ ಸೋರದಂತೆ ಹೊದಿಕೆ ಸುತ್ತುವುದು ಇವೂ ಶಾಖವನ್ನು ಉಳಿಸುವ ಉಪಾಯಗಳೇ. ಯೂರಿಯಾದ ಕೋಣೆಯಲ್ಲಿ ವನೇಡಿಯಂ ಸಂಯುಕ್ತವನ್ನು ಬಳಸಿದರೆ ಅದು ಗಂಧಕವನ್ನು ತಾಳಿಕೊಳ್ಳುತ್ತದೆ. ತಾಮ್ರ ಬೆರೆತ ಜಿಯೋಲೈಟ್ ಎಂಬ ವಸ್ತುವನ್ನು ಬಳಸಿದರೆ ಕಡಿಮೆ ಶಾಖದಲ್ಲಿಯೂ ಅದು ಚುರುಕಾಗಿರುತ್ತದೆ. ನಿಂತು ಕಾಯುವ ಲಾರಿಗೆ ಎರಡನೆಯದು ಹೆಚ್ಚು ಹಿತ.

ಇದರಿಂದ ದೊರೆಯುವ ದೊಡ್ಡ ಲಾಭ ಹೊರನೋಟಕ್ಕೆ ಕಾಣುವುದಿಲ್ಲ. ಇಂಜಿನಿಯರರ ತಕ್ಕಡಿಯನ್ನು ಇಲ್ಲಿ ಮತ್ತೆ ನೆನೆಯಬೇಕು. ನೈಟ್ರೋಜನ್ನಿನ ಆಕ್ಸೈಡುಗಳನ್ನು ಹೊರಗೆ ತೊಳೆಯುವ ಸಾಧನವಿಲ್ಲದಿದ್ದರೆ ಉರಿಯನ್ನು ತಣಿಸಲೇಬೇಕು, ಡೀಸೆಲ್ಲನ್ನು ಪೋಲುಮಾಡಲೇಬೇಕು. ಹಿಂದಿನ ಕೋಣೆ ಸಮರ್ಥವಾಗಿದ್ದರೆ ಇಂಜಿನನ್ನು ತೀಕ್ಷ್ಣವಾಗಿ ಉರಿಸಲು ಸ್ವಾತಂತ್ರ್ಯ ದೊರೆಯುತ್ತದೆ: ಎಳೆತ ಹೆಚ್ಚುತ್ತದೆ, ಎಣ್ಣೆ ಉಳಿಯುತ್ತದೆ. ಇಂಜಿನಿನ ಶತ್ರುವೆಂದು ದೂರಲ್ಪಡುವ ಪೆಟ್ಟಿಗೆಯೇ ವಾಸ್ತವವಾಗಿ ಇಂಜಿನಿನ ಕಟ್ಟನ್ನು ಬಿಚ್ಚಿದೆ. ಈ ಮಾತನ್ನು ಮಾಲೀಕರಿಗೆ ಯಾರೂ ಬಿಡಿಸಿ ಹೇಳದಿರುವುದು ವಿಷಾದದ ಸಂಗತಿ.

ಕಾರ್ಖಾನೆಯಲ್ಲಿ ಮಾಡಿದ ಸುಧಾರಣೆಯನ್ನು ಬಳಕೆಯಲ್ಲಿ ಉಳಿಸಿಕೊಳ್ಳುವುದು ಮಾಲೀಕನ ಕೈಯಲ್ಲಿದೆ. ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆತರೆ ಅದರ ಗಂಧಕ ಕ್ರಿಯಾವರ್ಧಕದ ಮೈಯನ್ನು ಮುಚ್ಚುತ್ತದೆ. ಹೂಡ್ರಿಯನ್ನು ಕಾಡಿದ ಸೀಸದ ಕಥೆಯೇ ಇಲ್ಲಿ ಗಂಧಕದ ರೂಪದಲ್ಲಿ ಮರುಕಳಿಸುತ್ತದೆ. ಇಂಜಿನ್ ಆಯಿಲ್ಲಿನಲ್ಲಿರುವ ಕ್ಯಾಲ್ಸಿಯಂ, ಸತುವು, ರಂಜಕಗಳು ಉರಿದು ಬೂದಿಯಾಗುತ್ತವೆ. ಮಸಿಯನ್ನು ಸುಡಬಹುದು, ಬೂದಿಯನ್ನು ಮತ್ತೆ ಸುಡಲು ಬರುವುದಿಲ್ಲ. ಅದಕ್ಕಾಗಿಯೇ ಹೊಸ ಲಾರಿಗಳಿಗೆ ಕಡಿಮೆ ಬೂದಿಯ ಆಯಿಲ್ಲನ್ನೇ ಹಾಕಬೇಕೆಂದು ತಯಾರಕರು ವಿಧಿಸುತ್ತಾರೆ. ಅಗ್ಗದ ಆಯಿಲ್ಲಿನಲ್ಲಿ ಉಳಿಸಿದ ಹಣ ಸೋಸುಕದ ಬೆಲೆಯಲ್ಲಿ ಬಡ್ಡಿಸಹಿತ ಹೋಗುತ್ತದೆ.

ಯೂರಿಯಾ ದ್ರಾವಣದ ವಿಷಯದಲ್ಲಿ ಇನ್ನೊಂದು ಆಸೆ ಕಾಡುತ್ತದೆ. ಹೊಲಕ್ಕೆ ತಂದ ಯೂರಿಯಾದ ಚೀಲ ಮನೆಯಲ್ಲಿಯೇ ಇರುವಾಗ ಅದನ್ನು ಕೊಳವೆಬಾವಿಯ ನೀರಿನಲ್ಲಿ ಕರಗಿಸಿ ಹಾಕಿದರಾಗದೆ? ಆಗದು. ೨೦೧೫ರಿಂದ ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪವಿರುತ್ತದೆ. ನೀರಿನ ಮಾತಂತೂ ಇನ್ನೂ ಸ್ಪಷ್ಟ. ಲಾರಿಯ ದ್ರಾವಣದಲ್ಲಿ ಕ್ಯಾಲ್ಸಿಯಂ ಒಂದು ಕಿಲೋಗ್ರಾಮಿಗೆ ಅರ್ಧ ಮಿಲಿಗ್ರಾಂ ಮೀರಬಾರದು. ಕುಡಿಯುವ ನೀರಿಗೇ ಭಾರತೀಯ ಮಾನಕವು ಲೀಟರಿಗೆ ೭೫ ಮಿಲಿಗ್ರಾಂ ಕ್ಯಾಲ್ಸಿಯಮ್ಮನ್ನು ಒಪ್ಪುತ್ತದೆ. ಅದು ಸುಮಾರು ನೂರೈವತ್ತು ಪಟ್ಟು ಹೆಚ್ಚು. ಮನುಷ್ಯನಿಗೆ ಹಿತವಾದ ನೀರು ಈ ಪೆಟ್ಟಿಗೆಗೆ ಹಿತವಲ್ಲ. ಗಡಸು ನೀರು ಕಾಯಿಸುವ ಹಂಡೆಯ ಒಳಮೈಗೆ ಬಿಳಿಯ ಪೊರೆ ಕಟ್ಟುವಂತೆ ಕ್ರಿಯಾವರ್ಧಕದ ಮೈಗೂ ಅದು ಕಟ್ಟುತ್ತದೆ. ಬಿಸಿಲೂ ದ್ರಾವಣವನ್ನು ಕೆಡಿಸುತ್ತದೆ. ೨೫ ಡಿಗ್ರಿ ಶಾಖದಲ್ಲಿ ಒಂದೂವರೆ ವರ್ಷ ಕೆಡದೆ ಇರುವ ದ್ರಾವಣ ೩೫ ಡಿಗ್ರಿಯಲ್ಲಿ ಆರು ತಿಂಗಳು ಮಾತ್ರ ನಿಲ್ಲುತ್ತದೆ. ಏಪ್ರಿಲ್, ಮೇ ತಿಂಗಳ ಬಾಗಲಕೋಟೆಯ ಬಿಸಿಲನ್ನು ಬಲ್ಲವರು ಅದರ ಡಬ್ಬಿಗಳನ್ನು ತಗಡಿನ ಅಂಗಡಿಯ ಮುಂದೆ ಪೇರಿಸಿಡಲಾರರು.

ಇವೆಲ್ಲ ತಾಪತ್ರಯವೆಂದು ಕೆಲವರು ಪೆಟ್ಟಿಗೆಯ ಒಳಗಿನದನ್ನು ಕಿತ್ತು ಬರಿಯ ಕೊಳವೆಯನ್ನು ಜೋಡಿಸುವುದುಂಟು. ಎಲ್ಲವೂ ಸರಿಯಾಗಿದೆಯೆಂದು ಗಣಕಕ್ಕೆ ಸುಳ್ಳು ವರದಿ ಒಪ್ಪಿಸುವ ಸಣ್ಣ ಉಪಕರಣಗಳೂ ಮಾರಾಟಕ್ಕೆ ಬಂದಿವೆ. ಕಟ್ಟಿಕೊಂಡಿದ್ದ ಸೋಸುಕವನ್ನು ತೆಗೆದೊಡನೆ ಲಾರಿ ಚುರುಕಾಗುವುದು ನಿಜ. ಶುಚಿಗೊಳಿಸಿ ಮತ್ತೆ ಜೋಡಿಸಿದ್ದರೂ ಅದು ಹೆಚ್ಚುಕಡಿಮೆ ಅಷ್ಟೇ ಚುರುಕಾಗುತ್ತಿತ್ತು. ತೀಕ್ಷ್ಣವಾಗಿ ಉರಿಯುವಂತೆ ಹೊಂದಿಸಿದ ಇಂಜಿನಿನ ಹಿಂದೆ ಪೆಟ್ಟಿಗೆ ಇಲ್ಲವಾದಾಗ ಹೊರಬರುವ ನೈಟ್ರೋಜನ್ ಆಕ್ಸೈಡುಗಳು ಹಳೆಯ ಲಾರಿಯ ಹೊಗೆಗಿಂತ ಕೆಟ್ಟದಾದೀತು. ಕಪ್ಪಾಗಿ ಕಾಣದಿರುವುದರಿಂದ ಅದರ ಅರಿವೂ ಆಗದು. ಉಳಿದ ಹಣ ಒಬ್ಬನ ಜೇಬಿಗೆ, ಅದರ ಬೆಲೆ ತೆರುವುದು ರಸ್ತೆಯ ಬದಿಯವರ ಎದೆಗೂಡು. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಪ್ರಕರಣವು ತಯಾರಕರು ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ೨೦೧೯ರ ತಿದ್ದುಪಡಿಯ ಬಳಿಕ ವಾಯುಮಾಲಿನ್ಯದ ಮಿತಿಯನ್ನು ಮೀರಿದ ವಾಹನವನ್ನು ಓಡಿಸುವವರಿಗೆ ೧೦,೦೦೦ ರೂಪಾಯಿಯವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಕಾನೂನಿಗಿಂತ ಮೊದಲು ಲಾರಿಯೇ ಎಚ್ಚರಿಸುತ್ತದೆ. ಯೂರಿಯಾ ದ್ರಾವಣ ಮುಗಿದರೆ ಅಥವಾ ಬರಿಯ ನೀರನ್ನ ತುಂಬಿದರೆ ಗಣಕವು ದೀಪ ಬೆಳಗಿಸಿ, ಬಳಿಕ ಎಳೆತವನ್ನು ತಾನೇ ತಗ್ಗಿಸುತ್ತದೆ.

ಹಳೆಯ ಲಾರಿಗಳ ಪಾಡು ಬೇರೆ. ಅವುಗಳಿಗೆ ಹೊಸ ಪೆಟ್ಟಿಗೆಯನ್ನು ಹಾಗೆಯೇ ಬೆಸುಗೆ ಹಾಕಿದರೆ ಪ್ರಯೋಜನವಿಲ್ಲ. ಮಸಿಯನ್ನು ಅಳೆಯುವ, ಹೊತ್ತರಿತು ಸುಡಿಸುವ ಗಣಕ ಅವುಗಳಲ್ಲಿ ಇರುವುದಿಲ್ಲ. ಇಂಥ ಹೊಸ ಜೋಡಣೆಗಳನ್ನು ಪುಣೆಯಲ್ಲಿ ೧೯೬೬ರಲ್ಲಿ ಸ್ಥಾಪನೆಯಾದ ಆಟೊಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾದಂತಹ ಸಂಸ್ಥೆಗಳು ಪರೀಕ್ಷಿಸಿ ಒಪ್ಪಬೇಕಾಗುತ್ತದೆ. ಅಲ್ಲಿಯವರೆಗೆ ಹಳೆಯ ಲಾರಿಗೆ ಗಂಧಕ ಕಡಿಮೆಯಾದ ಹೊಸ ಡೀಸೆಲ್, ಶುಚಿಯಾದ ಗಾಳಿಯ ಸೋಸುಕ ಮತ್ತು ಸರಿಯಾಗಿ ಸಿಂಪಡಿಸುವ ಇಂಜೆಕ್ಟರುಗಳೇ ಮದ್ದು. ಈ ಮೂರರಿಂದಲೇ ಕರಿಹೊಗೆ ಬಹಳ ಮಟ್ಟಿಗೆ ಇಳಿಯುತ್ತದೆ.

ಎಷ್ಟೇ ಜೋಪಾನ ಮಾಡಿದರೂ ಪರಿವರ್ತಕಕ್ಕೆ ಮುಪ್ಪು ತಪ್ಪದು. ಅತಿಯಾದ ಶಾಖಕ್ಕೆ ಸಿಕ್ಕ ಪ್ಲಾಟಿನಮ್ಮಿನ ಸೂಕ್ಷ್ಮಕಣಗಳು ಸಾರಿನ ಮೇಲೆ ತೇಲುವ ಎಣ್ಣೆಯ ಹನಿಗಳಂತೆ ಒಂದರೊಡನೊಂದು ಕೂಡಿ ದಪ್ಪವಾಗುತ್ತವೆ. ಲೋಹ ಅಷ್ಟೇ ಇದ್ದರೂ ಹೊಗೆಗೆ ತಾಗುವ ಮೈ ಕುಗ್ಗುತ್ತದೆ. ಸೋಸುಕದಲ್ಲಿ ಬೂದಿ ತುಂಬಿದಾಗ ಅದನ್ನು ಕಳಚಿ ಒತ್ತಿದ ಗಾಳಿಯಿಂದ ಹಿಮ್ಮುಖವಾಗಿ ಊದಿ ತೆಗೆಯುತ್ತಾರೆ. ಅದೂ ಆಗದ ಕಾಲಕ್ಕೆ ಪೆಟ್ಟಿಗೆಯನ್ನು ಒಡೆದು ಜೇನುಗೂಡನ್ನು ಪುಡಿಮಾಡಿ ಪ್ಲಾಟಿನಮ್ಮನ್ನೂ ಪಲ್ಲೇಡಿಯಮ್ಮನ್ನೂ ಬೇರ್ಪಡಿಸುತ್ತಾರೆ. ಹಾಗೆ ಶುದ್ಧಿಮಾಡಿದ ಲೋಹ ಮತ್ತೊಂದು ಲಾರಿಯ ಹೊಸ ಜೇನುಗೂಡಿನ ಗೋಡೆಗೆ ಲೇಪವಾಗುತ್ತದೆ.